ಏಳೂ ಇಪ್ಪತ್ತರ ಬಸ್ಸು

ಬುಧವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತೈದು ನಿಮಿಷ. ಹನುಮಂತನಪಟ್ಟಿಯಿಂದ ದಿಂಡಿಗಲ್‌ಗೆ ಹೋಗುವ ಬಸ್ಸು. ಹಾಜರಿದ್ದವರು ನಾನು, ಡ್ರೈವರ್, ಕಂಡಕ್ಟರ್, ದ್ರಾಕ್ಷಿ ಬುಟ್ಟಿಗಳ ಜೊತೆ ಒಂಬತ್ತು ಹೆಂಗಸರು.

ಬಸ್ಸು ಹೊರಡಬೇಕಾದದ್ದು ಏಳೂ ಇಪ್ಪತ್ತಕ್ಕೆ. ನನ್ನ ಮೊಣಕಾಲಿನ ದೆಸೆಯಿಂದ ಐದು ನಿಮಿಷ ತಡವಾಯಿತು. ನಾನು ಕುಂಟುತ್ತ ಬರುವುದನ್ನು ಕಂಡಕ್ಟರ್ ಬಾಗಿಲಲ್ಲಿ ನಿಂತು ನೋಡಿದ, ಸೀಟಿ ಊದಲಿಲ್ಲ. ಮೂವತ್ತು ವರ್ಷ ಟೈಮ್ ಕೀಪರ್ ಆಗಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿದ ನನಗೆ ಕಿವಿ ಬಿಸಿಯಾಯಿತು. ಕುಳಿತೊಡನೆ ಹಿಂದಿನಿಂದ ದ್ರಾಕ್ಷಿಯ ಹುಳಿಸಿಹಿ ವಾಸನೆ ಬಂತು. ಆ ವಾಸನೆ ಬಂದರೆ ನನಗೆ ನೆನಪಾಗುವುದು ಒಬ್ಬರೇ. ಈಗ ಹೊರಟಿರುವುದೂ ಅವರನ್ನು ನೋಡಲೆಂದೇ. ದಾರಿ ಮೂರು ಗಂಟೆಯದು. ನಿಮಗೆ ಬಿಡುವಿದ್ದರೆ ಹೇಳುತ್ತೇನೆ.

ಅವರು ನಮ್ಮ ಡಿಪೋಗೆ ಮ್ಯಾನೇಜರ್ ಆಗಿ ಬಂದ ವಾರದಲ್ಲೇ ಡ್ರೈವರುಗಳು ‘ಮಂಡಿ ಮ್ಯಾನೇಜರ್’ ಎಂದು ಹೆಸರಿಟ್ಟರು. ಅವರ ತಂದೆಗೆ ದಿಂಡಿಗಲ್‌ನಲ್ಲಿ ಹಣ್ಣಿನ ಮಂಡಿ. ಓದು ಮುಗಿಸಿ ಐದಾರು ವರ್ಷ ಅಲ್ಲಿ ವ್ಯಾಪಾರ ನೋಡಿಕೊಂಡು, ಆಮೇಲೆ ಅಂಗಡಿಯನ್ನು ತಮ್ಮಂದಿರಿಗೆ ಬಿಟ್ಟು, ಪರೀಕ್ಷೆ ಬರೆದು ಬಸ್ಸಿನ ಕೆಲಸಕ್ಕೆ ಸೇರಿದ್ದರು. ಈ ಸಾರ್ ಬಸ್ಸನ್ನೂ ತೂಗಿಯೇ ಕಳಿಸುತ್ತಾರೆ ಎಂದು ಡ್ರೈವರುಗಳು ನಗುತ್ತಿದ್ದರು. ನಾನೂ ನಕ್ಕವನೇ. ನಾನು ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಉಂಡು ಬೆಳೆದವನು. ಮಂಡಿಯ ಗದ್ದಲದಿಂದ ಬಂದವರಿಗೆ ಶಿಸ್ತು ಎಲ್ಲಿಂದ ಬರಬೇಕು ಎಂದುಕೊಂಡಿದ್ದೆ.

ಆಗ ಈ ಬಸ್ಸು ಹೊರಡುತ್ತಿದ್ದದ್ದು ಆರೂ ಹತ್ತಕ್ಕೆ. ಒಂದು ದಿನವೂ ತಡವಾಗಿರಲಿಲ್ಲ. ಒಂದು ದಿನವೂ ತುಂಬಿರಲಿಲ್ಲ. ಅದರ ನಂತರದ ಬಸ್ಸು ಹತ್ತಕ್ಕೆ. ಅದರಲ್ಲಿ ಹೋದರೆ ದಿಂಡಿಗಲ್‌ನ ಹರಾಜು ಮುಗಿದಿರುತ್ತಿತ್ತು. ಹಾಗಾಗಿ ಐದಾರು ಬುಟ್ಟಿ ಹಣ್ಣಿನ ಹೆಂಗಸರು ತೋಟದ ಬಾಯಿಗೆ ಬಂದ ದಲ್ಲಾಳಿ ಹೇಳಿದ ಬೆಲೆಗೇ ಕೊಟ್ಟುಬಿಡುತ್ತಿದ್ದರು. ಅವರಲ್ಲಿ ನನ್ನ ದೊಡ್ಡಪ್ಪನ ಮಗಳೂ ಒಬ್ಬಳು. ಕಂಡಾಗಲೆಲ್ಲ ಆ ಅಕ್ಕ ಚುಚ್ಚುತ್ತಿದ್ದಳು: “ನಿನ್ ಬಸ್ಸು ನಮಗಲ್ಲ ತಂಬಿ, ಗದ್ದೆ ಕೊಕ್ಕರೆಗೆ.”

ಮೇಲಿನ ಕಚೇರಿ ವರದಿ ಕೇಳಿತು. ‘ಪ್ರಯಾಣಿಕರಿಲ್ಲ, ಟ್ರಿಪ್ ನಿಲ್ಲಿಸಬಹುದು’ ಎಂದು ದುಂಡಗೆ ಬರೆದು ಮ್ಯಾನೇಜರರ ಮುಂದಿಟ್ಟೆ. ಅವರು ಸಹಿ ಹಾಕಲಿಲ್ಲ. ಮಾರನೆಯ ಬೆಳಿಗ್ಗೆ, ಆರೂ ಹತ್ತರ ಬಸ್ಸು ಬರಿದಾಗಿ ಹೋದ ಮೇಲೆ, ನನ್ನನ್ನು ಅಕ್ಕನ ತೋಟಕ್ಕೆ ಕರೆದುಕೊಂಡು ಹೋದರು. ಕಚೇರಿಯಲ್ಲಿ ನಮ್ಮಿಬ್ಬರದು ತಮಿಳು. ದ್ರಾಕ್ಷಿ ಚಪ್ಪರದ ಕೆಳಗೆ ಅವರು ನಮ್ಮಿಬ್ಬರ ಮನೆಮಾತಾದ ಕನ್ನಡಕ್ಕೆ ಇಳಿದರು.

“ಗೊಂಚಲ ಮ್ಯಾಲೆ ಕೈ ಮಡಗು.”

ಮಡಗಿದೆ. ಅಂಗೈ ಒದ್ದೆಯಾಯಿತು.

“ಮಂಜು ಆರ್ದೆ ಕುಯ್ದ್ರೆ ದಿಂಡಿಗಲ್ ಸೇರಾದ್ರೊಳಗೆ ಹಣ್ಣು ಕೊಳೀತೈತೆ. ಅಂಥಾ ಬುಟ್ಟಿ ಎಷ್ಟೋ ವಾಪಸ್ ಕಳ್ಸಿವ್ನಿ ನಾನು. ನಿನ್ ಗಡಿಯಾರ ಸರ್ಯಾಗೈತೆ ತಂಬಿ. ತ್ವಾಟಕ್ಕೂ ಒಂದು ಗಡಿಯಾರ ಐತೆ. ಅದ್ನ ಒಂದು ದಿವ್ಸನಾರ ನೋಡಿದ್ಯಾ?”

ದ್ರಾಕ್ಷಿ ಬೆಳೆಯುವ ಮನೆಯಲ್ಲಿ ಹುಟ್ಟಿದವನಿಗೆ ಮಂಜಿನ ವಿಷಯ ಗೊತ್ತಿರಲಿಲ್ಲವೆ? ಗೊತ್ತಿತ್ತು. ಯೂನಿಫಾರ್ಮ್ ತೊಡುವಾಗ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದೆ, ಅಷ್ಟೆ.

ಅವರು ಮೇಲಕ್ಕೆ ಪತ್ರ ಬರೆದರು. ಸಮಯ ಏಳೂ ಇಪ್ಪತ್ತಾಗಲಿ. ತಿಂಗಳೊಳಗೆ ಬಸ್ಸು ತುಂಬದಿದ್ದರೆ ಟ್ರಿಪ್ ನಿಲ್ಲಿಸಿ, ತಮ್ಮನ್ನೂ ಎಲ್ಲಿಗಾದರೂ ವರ್ಗ ಮಾಡಿ ಎಂದು. ನನ್ನ ವರದಿಯ ಮಾತು ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಮೊದಲ ದಿನ ಏಳೂ ಇಪ್ಪತ್ತಾಯಿತು. ಸೀಟುಗಳು ಖಾಲಿ. ಸೀಟಿ ನನ್ನ ತುಟಿಯ ಮೇಲಿತ್ತು. ಆಗ ಕಾಲುವೆಯ ತಿರುವಿನಲ್ಲಿ ಒಂದು ಬುಟ್ಟಿ ಕಂಡಿತು. ದಾರಿಯಲ್ಲಿ ಒಂದು ಬುಟ್ಟಿ ಕಣ್ಣಿಗೆ ಬೀಳುತ್ತಿದ್ದರೂ ಹರಾಜಿನ ಗಂಟೆ ಹೊಡೆಯಬಾರದೆಂಬುದು ಅವರ ಮಂಡಿಯ ಪದ್ಧತಿಯಂತೆ. ಒಮ್ಮೆ ಅವರು ಅದನ್ನು ಹೇಳಿದಾಗ ನಾವೆಲ್ಲ ಹಿಂದಿನಿಂದ ನಕ್ಕಿದ್ದೆವು. ಟೀ ಅಂಗಡಿಯ ಬಳಿ ನಿಂತಿದ್ದ ಅವರ ಕಡೆ ನೋಡಿದೆ. ಅವರು ಬೇರೆಲ್ಲೋ ನೋಡುತ್ತಿದ್ದರು. ಸೀಟಿಯನ್ನು ಜೇಬಿಗೆ ಹಾಕಿದೆ.

ನಾಲ್ಕು ನಿಮಿಷ ಕಳೆದು ನಾಲ್ಕು ಹೆಂಗಸರು ಹತ್ತಿದರು. ಮುಂದೆ ಬಂದವಳು ಅಕ್ಕ. “ಏನ್ ತಂಬಿ, ಗಡಿಯಾರ ನಿಂತೋಯ್ತಾ?” ಎಂದಳು. ಬುಟ್ಟಿಗೆ ಕೈ ಕೊಟ್ಟೆ. ಟ್ರಿಪ್ ಷೀಟಿನಲ್ಲಿ ಬರೆದೆ: ‘ನಾಲ್ಕು ನಿಮಿಷ ತಡ. ಕಾರಣ, ನಾನು.’ ಅದು ನನ್ನ ಸರ್ವೀಸಿನ ಮೊದಲ ತಡ. ಅವರು ಓದಿದರು, ಕೆಳಗೆ ಸಹಿ ಹಾಕಿ ಹಿಂತಿರುಗಿಸಿದರು. ತಿಂಗಳಾಗುವ ಹೊತ್ತಿಗೆ ಹಿಂದಿನ ಸೀಟುಗಳಲ್ಲಿ ಬುಟ್ಟಿ ಇಡಲು ಜಾಗವಿರಲಿಲ್ಲ.

ಆಮೇಲೆ ಅವರು ಇಡೀ ವಿಭಾಗಕ್ಕೇ ಅಧಿಕಾರಿಯಾದರು. ಚಿನ್ನಾಳಪಟ್ಟಿಯ ಬಸ್ಸನ್ನು ನೇಕಾರರು ಸೀರೆ ಮಡಿಸಿ ಗಂಟು ಕಟ್ಟುವ ಹೊತ್ತಿಗೆ ತಿರುಗಿಸಿದರು; ದಿಂಡಿಗಲ್‌ನಲ್ಲಿ ಬೀಗ ಮಾಡುವ ಕಾರ್ಖಾನೆಯವರು ಕೆಲಸ ಬಿಡುವ ಹೊತ್ತಿಗೊಂದು ಬಸ್ಸು ಬಿಟ್ಟರು. ಪ್ರತಿ ಊರಲ್ಲೂ ಮೊದಲು ನಿಲ್ದಾಣದಲ್ಲಿ ನಿಂತು ಜನರ ಗಂಟುಮೂಟೆ ಮುಟ್ಟಿ ನೋಡುತ್ತಿದ್ದರು. ನಿವೃತ್ತಿಯ ದಿನ ನನಗೆ ಹಾರ ಹಾಕಿದವರೂ ಅವರೇ. ಹೊತ್ತಿಗೆ ಸರಿಯಾಗಿರುವುದನ್ನು ಹಾಸ್ಟೆಲ್ ಕಲಿಸಿತ್ತು. ಯಾರ ಹೊತ್ತಿಗೆ ಎಂದು ಕೇಳುವುದನ್ನು ಅವರು ಕಲಿಸಿದರು, ಒಂದು ಗದರಿಕೆಯೂ ಇಲ್ಲದೆ.

ಹತ್ತೂಮುಕ್ಕಾಲಿಗೆ ದಿಂಡಿಗಲ್‌ನ ಅವರ ಮನೆ ತಲುಪಿದೆ. ಹೋದ ವರ್ಷದಿಂದ ಅವರ ಬಲಗೈ ಸರಿಯಾಗಿ ಆಡುವುದಿಲ್ಲ. ಬೆಳಗಿನ ಸಂಗತಿ ಹೇಳಿದೆ: “ಇವತ್ತು ನಾನೇ ಕೊನೇ ಬುಟ್ಟಿ ಅಣ್ಣಾ.”

ಅವರು ತುಂಬ ಹೊತ್ತು ನಕ್ಕರು. “ಷೀಟಲ್ಲಿ ಬರ್ದ್ನಾ ಕಂಡಕ್ಟರು?”

ಬರೆದಂತೆ ಕಾಣಲಿಲ್ಲ ಎಂದೆ. ಜೇಬಿನ ದಿನಚರಿ ತೆಗೆದು ನಾನೇ ಬರೆದೆ: ‘ಐದು ನಿಮಿಷ ತಡ. ಕಾರಣ, ನಾನು.’ ಅವರು ಪೆನ್ನಿಗೆ ಕೈ ಚಾಚಿದರು. ಒಂದೊಂದೇ ಅಕ್ಷರ ಕೂಡಿಸಿ ಸಹಿ ಮುಗಿಯುವವರೆಗೆ ಪುಸ್ತಕ ಹಿಡಿದುಕೊಂಡು ಕುಳಿತೆ. ಗಡಿಯಾರ ನೋಡಲಿಲ್ಲ.