ಸುದ್ದಿಯಲ್ಲಿ ಇಲ್ಲದ ಕುರಿಮರಿ

ಅವರ ಬಲಗಿವಿಯ ಮೇಲಂಚು ಸದಾ ನೀಲಿಯಾಗಿರುತ್ತಿತ್ತು. ಬಟ್ಟೆಗೆ ಗುರುತು ಹಾಕುವ ಖಡುವಿನ ಚಪ್ಪಟೆ ತುಂಡನ್ನು ಅಲ್ಲೇ ಸಿಕ್ಕಿಸಿಕೊಳ್ಳುತ್ತಿದ್ದರು. ಜಳಕ ಮಾಡಿದರೂ ಹೋಗದ ಬಣ್ಣ ಅದು. ಮದುವೆಯ ಪಂಕ್ತಿಯಲ್ಲಿ ಹೊಸ ಪಟಕಾ ಸುತ್ತಿಕೊಂಡು ಕೂತಾಗಲೂ ಆ ಕಿವಿ ಮಾತ್ರ ಕೆಲಸದ ಮೇಲಿದ್ದಂತೆ ಕಾಣುತ್ತಿತ್ತು. ಊರಿಗೆಲ್ಲ ಅವರು ಸಿಂಪಿ ಕಾಕಾ, ನನಗೂ ಕಾಕಾ.

ಮಹಾರಾಷ್ಟ್ರಕ್ಕೆ ಸೇರಿದ ಜತ್ತ ತಾಲೂಕಿನ ಗಡಿಯಂಚಿನಲ್ಲಿ, ಉಮದಿಯಿಂದ ಮೂರು ಮೈಲಿಯ ನಮ್ಮೂರಿಗೆ ಆಗ ಎರಡು ಬಸ್ಸು. ಬೆಳಿಗ್ಗೆ ವಿಜಾಪುರದ ಕಡೆಯದು ಕನ್ನಡ ಪತ್ರಿಕೆ ತರುತ್ತಿತ್ತು, ಮಧ್ಯಾಹ್ನ ಜತ್ತದ್ದು ಮರಾಠಿ ಪತ್ರಿಕೆ. ಎರಡನ್ನೂ ತರಿಸುತ್ತಿದ್ದವರು ಕಾಕಾ ಒಬ್ಬರೇ. ನಾಲ್ಕರ ಸುಮಾರಿಗೆ ಹೊಲಿಗೆ ಮಷಿನ್ನಿನ ಚಕ್ರಕ್ಕೆ ಅಂಗೈ ಇಟ್ಟು ನಿಲ್ಲಿಸಿ, ಅಂಗಡಿಯ ಕಟ್ಟೆಯ ಮೇಲೆ ಕೂತವರಿಗೆ ಎರಡನ್ನೂ ಗಟ್ಟಿಯಾಗಿ ಓದುತ್ತಿದ್ದರು. ಎರಡೂ ಕೈಗೆ ಬರುವ ತನಕ ಒಂದನ್ನೂ ಓದುತ್ತಿರಲಿಲ್ಲ. ಬೆಳಗಿನ ಪತ್ರಿಕೆ ಮಡಿಕೆ ಬಿಚ್ಚದೆ ಕತ್ತರಿಯ ಕೆಳಗೆ ಬಿದ್ದಿರುತ್ತಿತ್ತು. ಯಾರಾದರೂ ಅವಸರ ಮಾಡಿದರೆ, "ಒಂದಽ ತೋಳಿನ ಅಂಗಿ ಹಾಕ್ಕೊಂಡು ಸಂತಿಗೆ ಹೋಗ್ತಿ ಏನೋ?" ಎನ್ನುತ್ತಿದ್ದರು.

ಓದಿದ ಮೇಲೆ ಖಡು ಕಿವಿಯಿಂದ ಕೆಳಗಿಳಿಯುತ್ತಿತ್ತು. ಸುದ್ದಿಯಲ್ಲಿ ಕಣ್ಣಿಗೆ ಕಾಣುವ ಮಾತು ಯಾವುದು, ಮೇಲೆ ಹಚ್ಚಿದ್ದು ಯಾವುದು ಎಂದು ನೋಡಿ, ಹಚ್ಚಿದ್ದರ ಕೆಳಗೆಲ್ಲ ನೀಲಿ ಗೆರೆ ಎಳೆಯುತ್ತಿದ್ದರು. "ತಿಳಿದುಬಂದಿದೆ ಅಂತಾನ. ಯಾರಿಗೆ ತಿಳೀತು? ಹೆಸರಽ ಇಲ್ಲ." ಒಂದು ಗೆರೆ. "ಜನಸಾಗರ ಅಂತ. ನಮ್ಮ ಕಡೆ ಸಾಗರ ಯಾರು ನೋಡ್ಯಾರಪ್ಪ?" ಇನ್ನೊಂದು ಗೆರೆ. ಜತ್ತದಲ್ಲಿ ನಡೆದ ಯಾವುದೋ ಸಭೆಯ ಫೋಟೋ ಒಮ್ಮೆ ಬಂದಿತ್ತು, ತುಂಬ ತಲೆಗಳೇ ತಲೆಗಳು. ಕಾಕಾ ಅದರ ಅಂಚಿನ ಮೇಲೆ ಉಗುರು ಎಳೆದು, "ಇಲ್ಲಿ ಕತ್ತರಿಸ್ಯಾರ ನೋಡ್ರಿ. ಹಿಂದ ಏನಿತ್ತು ಹೇಳ್ರಿ" ಎಂದರು. ಸಭೆಗೆ ಹೋಗಿ ಬಂದಿದ್ದ ಕುರಿಗಾರನೊಬ್ಬ, "ಹಿಂದ ನನ್ನ ಕುರಿ ಇದ್ದೂರಿ ಕಾಕಾ, ಮೇಯಾಕತ್ತಿದ್ದು" ಎಂದ. ಕಟ್ಟೆಯೆಲ್ಲ ನಕ್ಕಿತು. ಸುದ್ದಿಯನ್ನು ಹೇಗೆ ಓದಬೇಕೆಂದು ನನಗೆ ಕಲಿಸಿದ್ದು ಆ ಕಟ್ಟೆ. ಮುಂದೆ ಮೂವತ್ತು ವರ್ಷ ಪತ್ರಿಕೆಯಲ್ಲಿ ದುಡಿದೆ, ಅದಕ್ಕಿಂತ ಹೆಚ್ಚೇನೂ ಕಲಿಯಲಿಲ್ಲ. ಈಗ ಆಯಾಸವಾಗಿದೆ. ಇದನ್ನು ಬರೆಯುವುದಕ್ಕೂ ಆಯಾಸವೇ, ಆದರೆ ಬರೆಯದೆ ಇಟ್ಟುಕೊಳ್ಳುವುದು ಇನ್ನೂ ಆಯಾಸ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಗಡಿಯ ಮಾತು ಎಲ್ಲ ಕಡೆ ಕಾವೇರಿತ್ತು. ಮ್ಯಾಟ್ರಿಕ್ ಮುಗಿಸಿ ಅಪ್ಪನ ಹೊಲದಲ್ಲಿ ಕೈ ಕೆಸರು ಮಾಡಿಕೊಳ್ಳಲು ಮನಸ್ಸಿಲ್ಲದ ನಾನು ಆ ಕನ್ನಡ ಪತ್ರಿಕೆಗೆ ಊರ ಸುದ್ದಿ ಕಳಿಸುವವನಾದೆ. ಎರಡು ತಿಂಗಳು ಕಳಿಸಿದೆ, ಒಂದೂ ಅಚ್ಚಾಗಲಿಲ್ಲ. ದಿನವೂ ಕಾಕಾನ ಕಟ್ಟೆಯ ಮೇಲೆ ಕೂತು ನನ್ನ ಸುದ್ದಿ ಬಂದೀತೆಂದು ಕಾಯುವುದು, ಬಾರದೆ ಎದ್ದು ಹೋಗುವುದು. ಕಟ್ಟೆಯವರು "ಬಾತ್ಮಿದಾರ ಸಾಹೇಬ್ರು" ಎಂದು ಚೇಷ್ಟೆ ಮಾಡುತ್ತಿದ್ದರು. ಒಳಗೊಳಗೇ ಉರಿಯುತ್ತಿತ್ತು.

ಒಂದು ದಿನ ಉಮದಿಯ ಬಸ್‌ ನಿಲ್ದಾಣದಲ್ಲಿ ಜಗಳವೊಂದು ನನ್ನ ಕಣ್ಣೆದುರೇ ಆಯಿತು. ಕುಣಿಕೋಣೂರಿನ ಒಬ್ಬ ಮುದುಕ ಕುರಿಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಜತ್ತದ ಬಸ್ಸು ಹತ್ತಿದ್ದ. ಕಂಡಕ್ಟರ್ ಮರಾಠಿಯಲ್ಲಿ ಇಳಿ ಎಂದ, ಮುದುಕ ಕನ್ನಡದಲ್ಲಿ ಒಲ್ಲೆ ಎಂದ. ಕೊಸರಾಟದಲ್ಲಿ ಮರಿ ನೆಗೆಯಿತು, ಮುದುಕ ಮೆಟ್ಟಿಲಿನಿಂದ ಜಾರಿ ಮೊಣಕಾಲು ಕೆತ್ತಿಕೊಂಡ. ಯಾವನೋ ಕಲ್ಲು ಬೀರಿದ, ಬಸ್ಸಿನ ಒಂದು ಗಾಜು ಒಡೆಯಿತು. ಮುದುಕ ಮರಿ ಹಿಡಿದುಕೊಂಡು ನಡೆದೇ ಹೋದ. ಅಷ್ಟೇ ಆದದ್ದು.

ಅದನ್ನು ಬರೆಯಲು ಕೂತೆ. ಕುರಿಮರಿ ಇದ್ದರೆ ಅದು ನಗೆಯ ಸುದ್ದಿ, ಹಿಂದಿನವುಗಳ ಹಾಗೆ ಕಸದ ಬುಟ್ಟಿಗೆ ಹೋಗುತ್ತದೆ ಎನಿಸಿತು. ಮರಿಯನ್ನು ಬಿಟ್ಟೆ. ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ: ಕನ್ನಡ ಮಾತಾಡಿದ ಮುದುಕನನ್ನು ಮರಾಠಿ ಕಂಡಕ್ಟರ್ ಬಸ್ಸಿನಿಂದ ಇಳಿಸಿದ, ಮುದುಕನಿಗೆ ಗಾಯವಾಯಿತು. ಮೂರನೆಯ ದಿನ ಅದು ಮೊದಲ ಪುಟದಲ್ಲೇ ಬಂತು. ತಲೆಬರಹ ಪತ್ರಿಕೆಯವರದು: "ಗಡಿಯಲ್ಲಿ ಕನ್ನಡಿಗನ ರಕ್ತ".

ಗಾಜು ಒಡೆದದ್ದಕ್ಕೆ ಜತ್ತದ ಬಸ್ಸು ನಿಂತುಹೋಗಿತ್ತು. ಹಾಗಾಗಿ ಮರಾಠಿ ಪತ್ರಿಕೆ ಇಲ್ಲ. ಕಾಕಾ ಕನ್ನಡದ್ದನ್ನು ಕತ್ತರಿಯ ಕೆಳಗಿಟ್ಟು, "ಎರಡನೇದು ಬರ್ಲಿ" ಎಂದರು. ಕಟ್ಟೆಯ ಮೇಲೆ ಎಂದಿಗಿಂತ ನಾಲ್ಕು ಪಟ್ಟು ಜನ. "ನಮ್ಮ ಹುಡುಗಂದು ಬಂದದ, ಓದ್ರಿ ಕಾಕಾ" ಎಂದು ಗದ್ದಲ ಮಾಡಿದರು. ಕಾಕಾ ನನ್ನ ಮುಖ ನೋಡಿದರು. ಎರಡು ತಿಂಗಳಿನಿಂದ ಕಾಯುತ್ತಿದ್ದ ಮುಖ. ಅದನ್ನು ನೋಡಿಯೇ ಅವರು ಪತ್ರಿಕೆ ಬಿಚ್ಚಿದರೆಂದು ನನಗೆ ಗೊತ್ತು. ಅವರ ಧ್ವನಿ ಚಲೋ ಇತ್ತು. ಓದಿ ಮುಗಿಸಿದಾಗ ಯಾರೂ ನಗಲಿಲ್ಲ. ಖಡು ಕಿವಿಯ ಮೇಲೇ ಇತ್ತು.

ನಮ್ಮೂರಿನ ಮರಾಠಿ ಸಾಲೆಗೆ ಒಬ್ಬ ಶಿಕ್ಷಕಿ ಇದ್ದರು, ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ಸಾಂಗಲಿ ಕಡೆಯವರು, ಗಂಡ ತೀರಿಹೋದವರು, ಆರು ವರ್ಷದಿಂದ ನಮ್ಮಲ್ಲೇ ಇದ್ದರು. ನನಗಿಂತ ಚಿಕ್ಕವರೆಲ್ಲ ಅವರ ಕೈಯಲ್ಲೇ ಅಕ್ಷರ ತಿದ್ದಿದವರು. ಕನ್ನಡವನ್ನು ನಮ್ಮ ಹೆಣ್ಣುಮಕ್ಕಳಿಂದಲೇ ಕಲಿತು, ಅವರ ಹಾಗೆಯೇ ರಾಗವಾಗಿ ಮಾತಾಡುತ್ತಿದ್ದರು. ಮರುದಿನ ಅವರ ಸಾಲೆಗೆ ಒಂದು ಮಗುವೂ ಹೋಗಲಿಲ್ಲ. ಬಾವಿಯ ಹತ್ತಿರ ಹೆಂಗಸರು ಮಾತು ನಿಲ್ಲಿಸಿದರು. ಸಾಲೆಯ ಬೋರ್ಡಿಗೆ ಯಾರೋ ಡಾಂಬರು ಬಳಿದರು. ಅವರಿಗೆ ಯಾರೂ ಕೈ ಮಾಡಲಿಲ್ಲ, ಬೈಯಲೂ ಇಲ್ಲ. ಎದುರಿಗೆ ಬಂದರೆ ಮುಖ ತಿರುಗಿಸಿದರು, ಅಷ್ಟೇ.

ಐದನೆಯ ದಿನ ಜತ್ತದ ಬಸ್ಸು ಮತ್ತೆ ಬಂತು. ಬಾಯಿ ಟ್ರಂಕು ಹಿಡಿದು ನಿಂತಿದ್ದರು. ಕಾಕಾ ಮಷಿನ್ ಬಿಟ್ಟು ಓಡಿದರು. "ಬಾಯಿ, ಹೋಗಬ್ಯಾಡ್ರಿ. ಝಂಪರ ಇನ್ನೂ ಮುಗದಿಲ್ಲ" ಎಂದರು. ಬಾಯಿ ಹೊಲಿಯಲು ಕೊಟ್ಟಿದ್ದ ಆ ರವಿಕೆಯ ಒಂದು ತೋಳು ಬಾಕಿ ಇತ್ತು.  ಬಾಯಿ, "ಇರ್ಲಿ ಬಿಡ್ರಿ ಕಾಕಾ. ಯಾರ ಸಲುವಾಗಿ ತೊಟ್ಕೊಳ್ಳಲಿ ಇಲ್ಲಿ" ಎಂದು ಹತ್ತಿದರು. ಕ್ಲೀನರ್ ಮೇಲಿನಿಂದ ಅಷ್ಟೂ ದಿನದ ಮರಾಠಿ ಪತ್ರಿಕೆಗಳ ಕಟ್ಟು ಕೆಳಗೆ ಒಗೆದು, ಅದೇ ಕೈಯಲ್ಲಿ ಬಾಯಿಯ ಟ್ರಂಕು ಮೇಲೆಳೆದುಕೊಂಡ.

ಬಸ್ಸು ಹೋದ ಮೇಲೆ ಕಾಕಾ ಕಟ್ಟು ಬಿಚ್ಚಿದರು. ಮರಾಠಿ ಪತ್ರಿಕೆಯಲ್ಲಿ ಕಂಡಕ್ಟರನ ಮೇಲೆ ಗುಂಪು ಏರಿ ಬಂದದ್ದಿತ್ತು, ಒಡೆದ ಗಾಜಿತ್ತು, ಕುರಿಮರಿ ಇತ್ತು. ಮುದುಕನ ಮೊಣಕಾಲು ಇರಲಿಲ್ಲ. ಎರಡನ್ನೂ ಮಷಿನ್ ಮೇಲೆ ಹಾಸಿ, ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು.

"ಇವರು ಗಾಯ ಬಿಟ್ಟಾರ. ನಿಮ್ಮದ್ರಾಗ ಕುರಿಮರಿ ಎಲ್ಲಿ ಹೋತು, ತಮ್ಮಾ? ಕುರಿಮರಿ ತಗದ್ರಂದ್ರ ಜಗಳ ಭಾಷಾದ್ದಾಗ್ತದ."

"ಪೇಪರದವರು ಕತ್ತರಿಸ್ಯಾರ್ರಿ ಕಾಕಾ" ಎಂದೆ.

ಅವರು ಎರಡನ್ನೂ ಮಡಚಿ ಕತ್ತರಿಯ ಕೆಳಗಿಟ್ಟರು. ಅಂದಿನಿಂದ ಕಟ್ಟೆಯ ಓದು ನಿಂತಿತು. ಪತ್ರಿಕೆ ಎರಡೂ ಬರುತ್ತಿದ್ದವು, ಕತ್ತರಿಯ ಕೆಳಗೆ ಹಾಗೇ ಹಳದಿಯಾಗುತ್ತಿದ್ದವು. ಒಂದು ತೋಳಿನ ಝಂಪರ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ನಾನು ಆ ಒಂದು ಸುದ್ದಿಯ ಬಲದಿಂದಲೇ ಪತ್ರಿಕೆಯಲ್ಲಿ ನೌಕರಿ ಹಿಡಿದು ವಿಜಾಪುರಕ್ಕೆ ಹೋದೆ.

ಎಪ್ಪತ್ತರ ದಶಕದ ನಡುವೆ ಕಾಕಾನಿಗೆ ಉಸಿರಾಟದ ರೋಗ ಬಲಿತಿದೆ ಎಂದು ತಿಳಿದು ಊರಿಗೆ ಬಂದೆ. ಅಂಗಡಿಯಲ್ಲೇ ಹಾಸಿಗೆ ಹಾಕಿದ್ದರು. ಮಷಿನ್ನಿಗೆ ಅರಿವೆ ಹೊದಿಸಿತ್ತು. ಮೊಳೆಯ ಮೇಲೆ ಝಂಪರವಿತ್ತು. ಅದನ್ನು ನೋಡುತ್ತ ಕೂರಲಾಗಲಿಲ್ಲ.

"ಕುರಿಮರಿ ನಾನಽ ಬಿಟ್ಟಿದ್ದೆರಿ ಕಾಕಾ" ಎಂದೆ.

"ಗೊತ್ತಿತ್ತು" ಎಂದರು. ಸ್ವಲ್ಪ ಹೊತ್ತು ಉಸಿರಿಗಾಗಿ ಕಾದರು. "ಹೊರಗಿನವ ಕತ್ತರಿಸಿದ್ರ ಅಂಚು ಎಲ್ಲೋ ಒಂದು ಕಡಿ ಕಾಣ್ತದ. ನಿನ್ನ ಬಾತ್ಮಿಗೆ ಅಂಚಽ ಇರಲಿಲ್ಲ."

"ಆವಾಗಽ ಯಾಕ ಅನ್ನಲಿಲ್ರಿ?"

"ಏನಂತ ಅನ್ಲಿ? ನೀ ಬರದಿ, ನಾ ಓದಿದೆ. ಎರಡನೇದು ಬರೂತನ ತಡೀಬೇಕಾಗಿತ್ತು ನಾ. ನಿನ್ನ ಮಾರಿ ನೋಡಿ ತಡೀಲಿಲ್ಲ." ಆಮೇಲೆ ಮೊಳೆಯ ಕಡೆ ಗದ್ದ ಎತ್ತಿ ತೋರಿಸಿದರು. "ಬಾಯಿಗೆ ಒಂದು ಕಾಗದ ಬರಿ. ಕುರಿಮರಿ ಹಾಕಿ ಬರಿ."

ಹೂಂ ಎಂದೆ. ಹದಿನೈದು ದಿನಕ್ಕೆ ಕಾಕಾ ಹೋದರು ಎಂದು ಸುದ್ದಿ ಬಂತು. ಮಣ್ಣಿಗೆ ಹೋದಾಗ ನೋಡಿದೆ, ಕಿವಿಯ ಅಂಚು ಆಗಲೂ ನೀಲಿಯೇ ಇತ್ತು. ಅವರ ಸೊಸೆ ಝಂಪರ ತಂದು ನನ್ನ ಕೈಗೆ ಕೊಟ್ಟಳು. ಎರಡು ತೋಳೂ ಇದ್ದವು. ನಾನು ಬಂದು ಹೋದ ಮೇಲೆ ಎದ್ದು ಕೂತು, ಕೈಸೂಜಿಯಲ್ಲಿ ಮೂರು ದಿನ ಹೊಲಿದರಂತೆ.

ಬಾಯಿಯ ವಿಳಾಸ ಹುಡುಕಲು ಒಂದು ವರ್ಷ ಹಿಡಿಯಿತು. ಮರಾಠಿಯಲ್ಲೇ ಕಾಗದ ಬರೆದೆ. ಎಷ್ಟೋ ಹಾಳೆ ಹರಿದ ಮೇಲೆ ಉಳಿದ ಮೊದಲ ಸಾಲು ಇಷ್ಟು: ಆ ದಿನ ಬಸ್ಸಿನಲ್ಲಿ ಒಂದು ಕುರಿಮರಿ ಇತ್ತು, ಬಾಯಿ, ನಾನು ಅದನ್ನು ಬರೆಯಲಿಲ್ಲ. ಝಂಪರದ ಜೊತೆ ಅಂಚೆಗೆ ಹಾಕಿದೆ. ಅದು ತಿರುಗಿ ಬರಲಿಲ್ಲ, ಉತ್ತರವೂ ಬರಲಿಲ್ಲ.