ಸದ್ದು ಮಾಡದ ಅಂಗಿ

ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಷಾಢದ ಮೋಡ ಕೆಳಗಿಳಿದು ಕೋಟೆಯ ಗೋಡೆಯನ್ನು ನುಂಗಿ ಕೂತಿದೆ. ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಮಾತ್ರ ಹತ್ತಿ ಆರುತ್ತಿದೆ. ಶಿಬಿರದ ಅಂಗಳದಲ್ಲಿ ನೀಲಾ ಕಣ್ಣು ಮುಚ್ಚಿ, ಬೆನ್ನು ತಿರುಗಿಸಿ ನಿಂತಿದ್ದಾರೆ. ಅವರ ಹಿಂದೆ, ಮಂಜಿನೊಳಗೆ, ಹೊಸ ಅಂಗಿ ತೊಟ್ಟ ಜೊತೆಯ ತರಬೇತುದಾರ ಶರಣು ಬರಿಗಾಲಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾರೆ. ನೋಡುವವರಿಗೆ ಇದೇನು ಮಾಟವೋ ಮಂತ್ರವೋ ಎನಿಸಬೇಕು.

"ಎಡಗಡಿ ಬಗಲಾಗ ಚರ್ ಅಂತು," ಎನ್ನುತ್ತಾರೆ ನೀಲಾ, ಕಣ್ಣು ತೆರೆಯದೆ. "ಬಿಚ್ಚು ಅದನ್ನ. ದಿಲಾವರ ಕಾಕಾಗ ಕೊಟ್ಟ ಬಾ."

ಶರಣು ಗೊಣಗುತ್ತಾ ಅಂಗಿ ಬಿಚ್ಚುತ್ತಾರೆ. ಈ ಅಂಗಿ ಫೇಲಾಗುತ್ತಿರುವುದು ಇದೇ ಮೊದಲಲ್ಲ.

ಸುತ್ತಲಿನ ಹಳ್ಳಿಗಳ ಶಾಲೆಯ ಮಕ್ಕಳಿಗೆ ಬಂಡೆ ಏರುವುದನ್ನೂ ಹಗ್ಗ ಹಿಡಿದು ಇಳಿಯುವುದನ್ನೂ ಕಲಿಸುವ ತರಬೇತುದಾರರು ನೀಲಾ. ಹಂಗಾಮಿನಲ್ಲಿ ದಿನಕ್ಕೆ ಎರಡು ಸಲ ಗುಡ್ಡ ಹತ್ತಿ ಇಳಿಯುತ್ತಾರೆ. ಅದರ ಜೊತೆಗೆ, ಶಿಬಿರದ ಐವರು ತರಬೇತುದಾರರು ಮೈಮೇಲೆ ಏನು ಹಾಕಿಕೊಳ್ಳಬೇಕೆಂದು ಆರಿಸುವುದೂ ಇವರೇ. ಯಾರೂ ಒಪ್ಪಿಸಿದ ಕೆಲಸವಲ್ಲ, ತಾವಾಗಿ ತಲೆ ಮೇಲೆ ಹೊತ್ತದ್ದು. ಅಂಗಿಯ ಬಣ್ಣ ಅರಿಶಿನದ್ದೇ ಆಗಬೇಕು, ಮಂಜಿನಲ್ಲೂ ಮಕ್ಕಳ ಕಣ್ಣಿಗೆ ಬೀಳಬೇಕಲ್ಲ. ಜಾಲಿಮುಳ್ಳು ತರಚದಂತೆ ತೋಳು ಮಣಿಕಟ್ಟಿನ ತನಕ. ಪ್ಯಾಂಟಿನ ಮೊಣಕಾಲಿಗೆ ಎರಡು ಪದರ, ಕಾಲೆತ್ತಿ ಬಂಡೆ ಮೇಲಿಟ್ಟಾಗ ಹೊಲಿಗೆ ಬಿಡದ ಹಾಗೆ ತೊಡೆಯ ನಡುವೆ ಇನ್ನೊಂದು ತುಂಡು. ಆದರೆ ಇವೆಲ್ಲಕ್ಕಿಂತ ಮೊದಲು ಬಟ್ಟೆ ಸದ್ದು ಮಾಡಬಾರದು. ಮಾಡಿತೋ, ಅದೆಷ್ಟೇ ಚೆಂದವಿದ್ದರೂ ಮೂಲೆಗೆ ಬಿತ್ತು.

"ಮಂದಿ ಕನ್ನಡಿ ಮುಂದ ನಿಂತು ಅಂಗಿ ನೋಡ್ತಾರ್ರಿ. ಈಕಿ ಕಿವಿಗೆ ಹಚ್ಚಿ ನೋಡ್ತಾಳ," ಎಂದು ನಗುತ್ತಾರೆ ಬಸ್ ನಿಲ್ದಾಣದ ಹಿಂದಿನ ದರ್ಜಿ ದಿಲಾವರ.

ಬಟ್ಟೆ ಬರುವುದು ನೀಲಾ ಅವರ ತವರಿನ ಕೈಮಗ್ಗದಿಂದ. ಸೀರೆ ನೇಯುವ ತಾಯಿ ಶಿವಬಸವ್ವ ಮಗಳಿಗಾಗಿ ದಪ್ಪ ನೂಲಿನ ಥಾನು ಬೇರೆಯೇ ನೇಯುತ್ತಾರೆ. ಗಂಜಿ ಪೂರಾ ಬಿಡುವವರೆಗೆ ಅದನ್ನು ಒಗೆದು, ಬಡಿದು, ಮತ್ತೆ ಒಗೆಯಬೇಕು. ಮಳೆಯಲ್ಲಿ ನೆನೆದರೆ ಈ ಅರಿವೆ ಮೈಗೆ ಅಂಟಿ ನಡುಗಿಸುತ್ತದೆ, ಅದು ಸುಳ್ಳಲ್ಲ. ಅದಕ್ಕೆಂದೇ ಎಲ್ಲರ ಚೀಲದಲ್ಲಿ ಒಣ ಅಂಗಿ ಇನ್ನೊಂದು ಇರುತ್ತದೆ. "ಮಗ್ಗ ಖಟಖಟ ಅಂತಿದ್ರೂ ಒಂದ ಎಳಿ ಹರದ್ರ ನನಗ ಕೇಳಸ್ತೈತಿ. ಈಕಿಗೂ ನನ್ನ ಕಿವಿನ ಬಂದೈತಿ," ಎನ್ನುತ್ತಾರೆ ಶಿವಬಸವ್ವ.

ಆ ಕಿವಿ ಒಂದು ಸಲ ಮೋಸ ಹೋಗಿದೆ. ನೀಲಾ ಅವರ ಹಟದ ಬೇರು ಇರುವುದು ಅಲ್ಲಿ.

ಗುಡ್ಡದ ಹಿಂಬದಿಗೆ ಎರಡು ಬಂಡೆಗಳ ನಡುವೆ ಇಳಿಯುವ ಇಕ್ಕಟ್ಟು ದಾರಿಗೆ ಕೂಗುಸಂದಿ ಎಂದು ಹೆಸರು. ಗಾಳಿ ಹೊಕ್ಕರೆ ಯಾರೋ ಕರೆದಂತೆ ಕೇಳುತ್ತದೆ. ಗುಡ್ಡ ಕರೆದರೆ ಓಗೊಡಬಾರದು ಎಂದು ಇಲ್ಲಿನವರು ಸಣ್ಣವರಿದ್ದಾಗಲೇ ಕೇಳಿ ಬೆಳೆಯುತ್ತಾರೆ. ಎರಡು ವರ್ಷದ ಹಿಂದೆ, ಇಂಥದೇ ಮಂಜಿನಲ್ಲಿ, ನೀಲಾ ರಾಜೂರಿನ ಮಕ್ಕಳನ್ನು ಆ ದಾರಿಯಲ್ಲಿ ಇಳಿಸುತ್ತಿದ್ದರು. ಮೈಮೇಲೆ ನೈಲಾನ್ ಜಾಕೀಟು. ಟೊಪ್ಪಿಗೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಆ ಗದ್ದಲದ ನಡುವೆ "ಅಕ್ಕಾ" ಎಂದದ್ದು ಕೇಳಿತು. ಸಂದಿಯ ಗಾಳಿ ಇರಬೇಕೆಂದು ಓಗೊಡದೆ ಇಳಿದುಬಿಟ್ಟರು.

ಕೆಳಗೆ ಬಂದು ಎಣಿಸಿದರೆ ಒಂದು ಮಗು ಕಡಿಮೆ. ರೂಪಾ ಇಲ್ಲ. ಬಿದ್ದೆನೋ ಎದ್ದೆನೋ ಎಂದು ಮೇಲೆ ಓಡಿದರು. ಹುಡುಗಿ ಬಂಡೆಯ ಬಿರುಕಿನಲ್ಲಿ ಪಾದ ಸಿಕ್ಕಿಸಿಕೊಂಡು ಕೂತಿದ್ದಳು. ಕಾಲು ಬಾತಿತ್ತು, ಆದರೆ ಅಳುತ್ತಿರಲಿಲ್ಲ.

"ಮತ್ತ ಕೂಗಬಾರದಿತ್ತೇನವಾ?" ಎಂದು ನೀಲಾ ಅವಳನ್ನು ತಬ್ಬಿಕೊಂಡು ಕೇಳಿದರು.

"ನೀವ ಓ ಅಂದ್ರೆಲ್ಲಾ ಅಕ್ಕಾರ. ಬಂದೆ, ನಿಂದ್ರು ಅಂದ್ರಿ. ಜಾಕೀಟಿನ ಸದ್ದೂ ಕಲ್ಲಿನ ಹಿಂದನ ಬರಾಕತ್ತಿತ್ತು. ಅದಕ್ಕ ಸುಮ್ನ ಕುಂತೆ," ಎಂದಳು ರೂಪಾ.

ನೀಲಾ ಓ ಎಂದೇ ಇರಲಿಲ್ಲ. ಆ ಹೊತ್ತಿಗೆ ಅವರು ಬುಡ ಮುಟ್ಟಿ ಆಗಿತ್ತು.

ರೂಪಾಳ ಕಾಲು ವಾಸಿಯಾಯಿತು. ನೀಲಾ ಮಾತ್ರ ಮತ್ತೆ ಆ ಸಂದಿಗೆ ಮಕ್ಕಳನ್ನು ಒಯ್ಯಲಿಲ್ಲ. ಆಗಿನಿಂದ ಗುಡ್ಡ ಹತ್ತುವ ಮುಂಚೆ ಪ್ರತಿ ಮಗುವಿಗೂ ಒಂದೇ ಪಾಠ: "ನಮ್ಮ ಅಂಗಿಗೆ ಸದ್ದಿಲ್ಲ. ಬಟ್ಟಿ ಸದ್ದು ಬಂತಂದ್ರ ಅದು ನಾವಲ್ಲ. ನಾವು ಕಣ್ಣಿಗೆ ಕಾಣೂತನಕ ಕೂಗೂದು ಬಿಡಬ್ಯಾಡ್ರಿ."

ಈ ವರ್ಷದ ಮಳೆಗೆ, ಇಳಿಯಲು ಇದ್ದ ಇನ್ನೊಂದು ದಾರಿ ಕುಸಿದಿದೆ. ಇಳಿಯುವುದಾದರೆ ಕೂಗುಸಂದಿಯೇ ಗತಿ. ಸಾಲದ್ದಕ್ಕೆ ಯಾರೋ ದಾನಿಗಳು ತರಬೇತುದಾರರಿಗೆಂದು ಮಿರಿಮಿರಿ ಮಿಂಚುವ ಜಾಕೀಟು ಕಳಿಸಿದ್ದಾರೆ. ಶಿಬಿರ ನಡೆಸುವ ತೌಸೀಫ ಕೆಟ್ಟ ಮನುಷ್ಯರಲ್ಲ, ಕೊಟ್ಟವರ ಮನಸ್ಸು ನೋಯಿಸಲು ಅವರಿಗೆ ಸಂಕೋಚ. "ಊರಿಗೊಂದ ದಾರಿ ಆದ್ರ ನಮ್ಮ ನೀಲವ್ವಗೊಂದ ದಾರಿ," ಎಂದು ಛೇಡಿಸುತ್ತಾರೆ. ಕೊನೆಗೊಂದು ಒಪ್ಪಂದವಾಗಿದೆ. ಇವತ್ತು ಎಲ್ಲರೂ ನೀಲಾ ಹೊಲಿಸಿದ ಅಂಗಿಯಲ್ಲಿ ಇಳಿಯುವುದು, ತೌಸೀಫ ತಾವೊಬ್ಬರೇ ಜಾಕೀಟು ತೊಟ್ಟು ಜೊತೆಗೆ ಬರುವುದು. ಫರಕು ಕಾಣದಿದ್ದರೆ ನಾಳೆಯಿಂದ ಎಲ್ಲರಿಗೂ ಜಾಕೀಟು.

ಮಧ್ಯಾಹ್ನದ ಹೊತ್ತಿಗೂ ಮಂಜು ಕರಗಿಲ್ಲ. ಮುಶಿಗೇರಿಯ ಮಕ್ಕಳು ಒಬ್ಬರ ಹಿಂದೊಬ್ಬರು ಸಂದಿ ಇಳಿಯುತ್ತಿದ್ದಾರೆ. ಮುಂದೆ ಶರಣು, ಹಿಂದೆ ತೌಸೀಫ, ಎಲ್ಲರಿಗಿಂತ ಕೊನೆಗೆ ನೀಲಾ. ಅವರ ಬೆನ್ನ ಹಿಂದೆ ಖಾಲಿ ದಾರಿ. ಅರ್ಧ ಇಳಿದಿರಬೇಕು, ನೀಲಾ ಏನೋ ಕೇಳಿಸಿ ಕೈ ಎತ್ತುತ್ತಾರೆ. ಸಾಲು ನಿಲ್ಲುತ್ತದೆ.

"ಏನಾತು?" ಎನ್ನುತ್ತಾರೆ ತೌಸೀಫ. ಅವರಿಗೇನೂ ಕೇಳಿಲ್ಲ. ಜಾಕೀಟು ಗಾಳಿಗೆ ಪಟಪಟ ಅನ್ನುತ್ತಿದೆ.

"ಅದನ್ನ ಬಿಚ್ರಿ ಸರ್."

ತೌಸೀಫ ಬಿಚ್ಚಿ, ಮಡಚಿ, ಚೀಲಕ್ಕೆ ತುರುಕುತ್ತಾರೆ. ಈಗ ಯಾರ ಮೈಮೇಲೂ ಸದ್ದು ಮಾಡುವ ಬಟ್ಟೆ ಇಲ್ಲ. ಆದರೂ ಪಟಪಟ ನಿಂತಿಲ್ಲ. ಮೇಲಿನ ಬಂಡೆಯ ಆಚೆ ಯಾರೋ ಜಾಕೀಟು ತೊಟ್ಟು ನಡೆಯುತ್ತಿರುವಂತೆ, ಸಾವಕಾಶವಾಗಿ, ಅದು ಬರುತ್ತಲೇ ಇದೆ. ಒಬ್ಬ ಹುಡುಗಿ ಕೈ ಚಾಚಿ ತೌಸೀಫರ ತೋಳು ಹಿಡಿಯುತ್ತಾಳೆ.

"ಶರಣು, ಎಣಸು," ಎನ್ನುತ್ತಾರೆ ನೀಲಾ, ದನಿ ಏರಿಸದೆ.

"ಎಲ್ಲಾರೂ ಅದಾರ ಅಕ್ಕಾ," ಎಂದು ಕೆಳಗಿನಿಂದ ಉತ್ತರ ಬರುತ್ತದೆ.

ಅಷ್ಟರಲ್ಲಿ ಮೇಲಿನಿಂದ, ಯಾರೂ ಇಲ್ಲದ ಕಡೆಯಿಂದ, "ಅಕ್ಕಾ" ಎಂಬ ಕೂಗು. ಎಳೆಯ ದನಿ. ಈ ಸಲ ಅದು ತೌಸೀಫರಿಗೂ ಕೇಳಿದೆ. ಅವರು ತಲೆಯಾಡಿಸುತ್ತಾರೆ, ಬೇಡ ಎಂಬಂತೆ. ಮಕ್ಕಳೆಲ್ಲ ಇದ್ದಾರೆ, ಗುಡ್ಡ ಕರೆದರೆ ಓಗೊಡಬಾರದು, ಇಳಿದು ಹೋಗುವುದೇ ಸರಿ. ನೀಲಾ ಅವರಿಗೂ ಅದು ಗೊತ್ತು. ಅವರು ತಿರುಗಿ, ಮಂಜಿನ ಕಡೆ ಮುಖ ಮಾಡಿ, ಗಟ್ಟಿಯಾಗಿ ಹೇಳುತ್ತಾರೆ:

"ಓ. ಬಂದೆ, ನಿಂದ್ರು."

ಮತ್ತೆ ಕೂಗು ಬರುವುದಿಲ್ಲ. ಮಕ್ಕಳನ್ನು ತೌಸೀಫರ ವಶಕ್ಕೆ ಕೊಟ್ಟು ನೀಲಾ ಆ ಬಂಡೆಯ ತನಕ ಹತ್ತಿ ನೋಡಿ ಬರುತ್ತಾರೆ. ಯಾರೂ ಇಲ್ಲ.

ಬುಡ ಸೇರಿದ ಮೇಲೆ ತೌಸೀಫ ಜಾಕೀಟುಗಳ ಗಂಟನ್ನು ಕೋಣೆಗೆ ಹಾಕಿ ಕೀಲಿ ಜಡಿಯುತ್ತಾರೆ. "ಎಲ್ಲಾರಿಗೂ ನಿನ್ನ ಅಂಗೀನ ಹೊಲಿಸು," ಎಂದಷ್ಟೇ ಅವರ ಮಾತು. ಮೇಲೆ ಕೇಳಿದ್ದರ ಬಗ್ಗೆ ಅವರು ಸೊಲ್ಲೆತ್ತುವುದಿಲ್ಲ.

ನೀಲಾ ಎತ್ತುತ್ತಾರೆ. ಮಕ್ಕಳನ್ನು ಬಸ್ಸಿಗೆ ಹತ್ತಿಸಿ, ಕಟ್ಟೆಯ ಮೇಲೆ ಕೂತು, ಒದ್ದೆ ತೋಳು ಹಿಂಡುತ್ತಾ ಹೇಳುತ್ತಾರೆ. "ರೂಪಾ ಅವತ್ತು ಕೇಳಿದ್ದು ಇವತ್ತಿನ ನನ್ನ ಓ ಇದ್ರೂ ಇರಬೌದ್ರಿ. ಹುಚ್ಚು ಮಾತು ಅಂತೀರಿ, ಅನ್ರಿ. ಆದ್ರ ನನ್ನ ಆಸೆ ಅಷ್ಟ ಐತಿ. ಆ ಕೂಸು ಕರದಾಗ ಓ ಅಂದಾಕಿ ನಾನ ಆಗಿರ್ಲಿ."