ಕೆಂಚನ ಕಿವಿ

ಭರಮಮ್ಮ ಕುರಿ ಕಾಯ್ದೇ ಮುದುಕಿಯಾದವಳು. ಕೂಡ್ಲಿಗಿ ಹತ್ತಿರದ ಹಳ್ಳಿಯವಳು, ನಾಯಿಯನ್ನು ಸಂಗಡ ಇಟ್ಟುಕೊಂಡ ದೇವರು ಮೈಲಾರಲಿಂಗನ ಒಕ್ಕಲು. ನಾಯಿಗೆ ಹಾಕದೆ ತಾನು ಉಣ್ಣುವ ಪೈಕಿಯಲ್ಲ. ಊರವರು ನಗುತ್ತಿದ್ದರು. ನಗುವವರಿಗೇನು, ಅವರ ಗಂಟೇನೂ ಹೋಗುತ್ತಿರಲಿಲ್ಲ.

ಎರಡು ಸಾವಿರದ ಮೂರರ ಸುಮಾರಿಗೆ ಊರಿಗೊಂದು ವ್ಯಾನು ಬಂತು. ಕೂಡ್ಲಿಗಿಯ ಹೆಸರನ್ನೇ ಕೇಳದ ಯಾವುದೋ ದೇಶದ ಜನ ಬೀದಿನಾಯಿಗಳಿಗಾಗಿ ಕಳಿಸಿದ ದುಡ್ಡಿನಲ್ಲಿ ಓಡುವ ವ್ಯಾನು. ಅದರ ಡಾಕ್ಟರು ಪ್ರವೀಣಕುಮಾರ್ ನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡಿ, ಹುಚ್ಚು ಹಿಡಿಯದಂತೆ ಇಂಜೆಕ್ಷನ್ ಕೊಟ್ಟು, ಗುರುತಿಗೆ ಎಡಗಿವಿಯ ತುದಿ ಕತ್ತರಿಸಿ ಬಿಟ್ಟ. ಆ ಗುರುತಿರುವ ನಾಯಿಯನ್ನು ಇನ್ನು ಕೊಲ್ಲಿಸುವುದಿಲ್ಲ ಎಂದು ಊರ ಹಿರಿಯರು ಒಪ್ಪಿದರು. ಭರಮಮ್ಮನೇ ಒಂದೊಂದನ್ನೂ ಎತ್ತಿ ವ್ಯಾನಿಗೆ ಹಾಕಿದ್ದಳು.

ತನ್ನದೊಂದನ್ನು ಬಿಟ್ಟು. ಅವಳ ಕೆಂಚ ಆಗ ತಮ್ಮನ ಕುರಿಹಿಂಡಿನ ಸಂಗಡ ಉಚ್ಚಂಗಿದುರ್ಗದ ಕಡೆ ಹೋಗಿತ್ತು. ಮರಳಿ ಬರುವಷ್ಟರಲ್ಲಿ ವ್ಯಾನು ಹೋಗಿತ್ತು. ಗುರುತಿಲ್ಲದ ನಾಯಿಗಳನ್ನು ಕೊಲ್ಲುವವರನ್ನು ಹಿರಿಯರು ಕರೆಸುವ ಸುದ್ದಿ ಹಬ್ಬಿತ್ತು. ಕುರಿಮರಿಗಳ ಕಿವಿಗೆ ಮನೆತನದ ಗುರುತಿನ ಕಚ್ಚು ಹಾಕಿ ಪಳಗಿದ ಕೈ ಅವಳದು. ಕೆಂಚನನ್ನು ತೊಡೆಗೆ ಅವುಚಿ ಹಿಡಿದು ಎಡಗಿವಿಯ ತುದಿ ಕೊಯ್ದು ಅರಿಶಿನ ಮೆತ್ತಿದಳು.

"ಈಗ ನೀನೂ ಉಳಿದವರ ಪೈಕಿ ಆದಿ ನೋಡಲೇ," ಎಂದಳು.

ಕೊಲ್ಲುವವರು ಕಿವಿ ನೋಡಿ ಕೆಂಚನನ್ನು ಬಿಟ್ಟು ಹೋದರು. ಪುಣ್ಯಾತ್ಗಿತ್ತಿ ಉಬ್ಬಿಹೋದಳು.

ಮರುವರ್ಷ ವ್ಯಾನು ಮತ್ತೆ ಬಂತು. "ಇದಕ್ಕ ಆಗೈತಿ ಬಿಡ್ರಿ," ಎಂದು ಪ್ರವೀಣಕುಮಾರ್ ಕೆಂಚನನ್ನು ದಾಟಿ ಹೋದ. ಹೇಳಿಬಿಡಬೇಕು ಎಂದು ಅವಳ ಬಾಯಿತುದಿಗೆ ಬಂದಿತ್ತು. ಡಾಕ್ಟರು ಬೈದಾನೆಂದು ಅಂಜಿ ನುಂಗಿಕೊಂಡಳು. ಅಯ್ಯೋ, ಆ ಒಂದು ಮಾತು ಆಡಿದ್ದರೆ!

ಬೇಸಿಗೆಯಲ್ಲಿ ಎಲ್ಲಿಯದೋ ಹುಚ್ಚುನಾಯಿ ಕೆಂಚನನ್ನು ಕಚ್ಚಿತು. ಕೆಲವು ವಾರಗಳಲ್ಲಿ ಕೆಂಚನಿಗೂ ಹುಚ್ಚು ಹಿಡಿದು, ಟೇಲರ್ ಬೆನಕಪ್ಪನ ಮೀನಖಂಡಕ್ಕೆ ಬಾಯಿ ಹಾಕಿತು. ಬೆನಕಪ್ಪ ಬಳ್ಳಾರಿಯಲ್ಲಿ ಸೂಜಿ ಚುಚ್ಚಿಸಿಕೊಂಡು ಬದುಕಿದ. ಕೆಂಚನನ್ನು ಜನ ಕಲ್ಲಲ್ಲೇ ಕೊಂದರು. ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ.

"ಕಿವಿ ಕೊಯ್ದ ನಾಯಿಗೂ ಹುಚ್ಚು ಹಿಡಿತೈತಿ ಅಂದ್ರ ಆ ಫಾರಿನ್ ಔಷಧ ಬರೇ ನೀರು," ಎಂದ ಊರ ಹಿರಿಯ ಗಾದೆಪ್ಪ. "ಒಂದನ್ನೂ ಬಿಡಬ್ಯಾಡ್ರಿ."

ಮರುದಿನ ಬೆಳಿಗ್ಗೆ ಕೊಲ್ಲುವವರು ಬಡಿಗೆ ಹಿಡಿದು ಬಂದರು. ನಾಯಿಗಳು ಬೇಲಿ, ಬಣವೆಗಳ ಹಿಂದೆ ಅಡಗಿದ್ದವು. ಭರಮಮ್ಮ ಬೀದಿಯ ನಡುವೆ ನಿಂತು ಎದೆ ಬಡಿದುಕೊಂಡಳು.

"ಕೆಂಚನ ಕಿವಿ ನಾನ ಕೊಯ್ದಿದ್ನೆಪ್ಪಾ! ಅದಕ್ಕ ಔಷಧ ಆಗಿದ್ದಿಲ್ಲ! ಉಳಿದವಕ್ಕೆಲ್ಲ ಆಗೈತಿ, ಬಿಡ್ರೋ!"

"ನಾಯಿ ಉಳಿಸಾಕ ಮುದುಕಿ ಸುಳ್ಳು ಹೇಳಾಕತ್ತಾಳ," ಎಂದು ಗಾದೆಪ್ಪ ನಕ್ಕ.

ಅವಳು ಇನ್ನೂ ಜೋರಾಗಿ ಕೂಗಿದಳು. ದಿನಾ ರೊಟ್ಟಿ ಹಾಕುವವಳ ದನಿ ಕೇಳಿ, ಬಣವೆಯ ಹಿಂದಿನಿಂದೊಂದು, ಬೇಲಿ ನುಸುಳಿ ಮತ್ತೊಂದು, ನಾಯಿಗಳೆಲ್ಲ ಬಾಲ ಅಲ್ಲಾಡಿಸುತ್ತ ಅವಳ ಕಡೆ ಓಡಿಬಂದವು. ಬಡಿಗೆಯವರು ಅವಳ ಪಕ್ಕದಲ್ಲೇ ನಿಂತಿದ್ದರು.